ಸಾಯಬಮ್ಮನ ಕಾಲು, ಸಾಯಬಮ್ಮನ ಬಾಯಿ

ತಿಂಥಣಿಯ ಮೌನೇಶ್ವರನ ಗುಡಿಗೆ ಸಂಜೆ ಹೊತ್ತು ಬಂದವರು ಒಬ್ಬ ಹೆಂಗಸನ್ನು ನೋಡಿಯೇ ಇರುತ್ತಾರೆ. ತಲೆ ಮೇಲೆ ಸೆರಗು, ಬರಿಗಾಲು, ನೆಲ ನೋಡುವ ಕಣ್ಣು. ಉಳಿದವರು ನಾಲ್ಕು ಸುತ್ತು ಹಾಕಿ ಕಾಯಿ ಒಡೆಸಿ ಹೋದರೆ ಈಕೆ ದೀಪ ಹಚ್ಚಿದಾಗಿನಿಂದ ಬಾಗಿಲು ಹಾಕುವ ತನಕ ಸುತ್ತುತ್ತಲೇ ಇರುತ್ತಿದ್ದಳು. ಹೊರಗಿನಿಂದ ಬಂದ ಭಕ್ತರು ನನ್ನ ಅಂಗಡಿಯಲ್ಲಿ ಕಾಯಿ ಕೊಳ್ಳುವಾಗ, "ಏನ್ ಭಕ್ತಿರಿ ಆಕಿದು," ಅನ್ನುತ್ತಿದ್ದರು. ನಾನು ಊದಿನಕಡ್ಡಿ ಸುತ್ತಿ ಕೊಡುತ್ತಿದ್ದೆ. ಅದು ಭಕ್ತಿಯಲ್ಲ, ಕಾಲು ಎಂದು ಹೇಳಿದರೆ ಯಾರು ನಂಬಬೇಕು.

ಆಕೆ ಸಾಯಬಮ್ಮ, ನನ್ನ ಮಗ್ಗುಲ ಮನೆಯವಳು. ಗಂಡ ಅಮಾತೆಪ್ಪ ಕೃಷ್ಣೆಯಲ್ಲಿ ಹರಗೋಲು ಹಾಕಿ ಮೀನು ಹಿಡಿಯುತ್ತಾನೆ, ಈಕೆ ಬುಟ್ಟಿ ಹೊತ್ತು ಸುರಪುರದ ತನಕ ಹೋಗಿ ಮಾರಿ ಬರುತ್ತಾಳೆ. ಇಬ್ಬರ ನಡುವೆ ಒಬ್ಬಳೇ ಮಗಳು, ಸುಮಲತಾ. ಹಗಲೆಲ್ಲ ನಡೆಯುವ ಸಾಯಬಮ್ಮನ ಕಾಲಿಗೆ ಏನೂ ಆಗುತ್ತಿರಲಿಲ್ಲ. ಹೊತ್ತು ಮುಳುಗಿ ಎಲ್ಲರೂ ಕಾಲು ಚಾಚಿ ಕೂತಾಗ ಆಕೆಯ ಕಾಲು ಶುರು ಮಾಡುತ್ತಿತ್ತು. ನೋವಲ್ಲ, ಉರಿಯಲ್ಲ. "ಎಲುಬಿನೊಳಗ ಇರಿವಿ ಹರದಾಡಿದಂಗ ಆಗ್ತದ ಭಾಗವ್ವ. ಎದ್ದು ಅಡ್ಡಾಡಿದ್ರ ತಣ್ಣಗ, ಕೂತ್ರ ಮತ್ತ ಅದಾ," ಎಂದು ನನ್ನೊಬ್ಬಳ ಮುಂದೆ ಹೇಳಿದ್ದಳು. ಮಲಗಿದರೂ ಬಿಡದು. ನಿದ್ದೆ ಹತ್ತಿದ ಮೇಲೂ ಕಾಲು ತಾನೇ ಒದೆಯುತ್ತಿತ್ತಂತೆ. ಪಾಪದ ಮನುಷ್ಯ ಅಮಾತೆಪ್ಪ ಚಾಪೆ ಎತ್ತಿಕೊಂಡು ಹೊಳೆ ದಂಡೆಗೆ ಹೋಗಿ ಮಲಗತೊಡಗಿದ. ಹೆಂಡತಿ ಹೊರಗೆ ಹಾಕಿದ್ದಾಳೆ ಎಂದು ಓಣಿಯವರು ಆಡಿಕೊಂಡರು. ಅವನು ನಕ್ಕುಬಿಟ್ಟ, ಈಕೆ ಮಾತ್ರ ನಾಚಿ ನಾಚಿ ಮಣ್ಣಾದಳು.

ನಮ್ಮ ಜನರ ಬಾಯಿಗೂ ಒಂದು ಕೆಲಸ ಬೇಕಲ್ಲ. ಕೂತಲ್ಲಿ ಕಾಲು ಅಲುಗಿಸಿದರೆ ಮನೆಗೆ ದರಿದ್ರ ಅಂದರು, ಗಾಳಿ ಹೊಕ್ಕಿದೆ ಅಂದರು. ಸೇಂದಿ ಕುಡಿಯುವವರಿಗೆ ಒಂದು ದಿನ ಸೇಂದಿ ಸಿಗದಿದ್ದರೆ ಕೈಕಾಲು ಹಾಗೇ ನಡುಗುತ್ತವೆ ಎಂದು ಮತ್ತೊಬ್ಬರು ಕಣ್ಣು ಮಿಟುಕಿಸಿದರು. ಜೀವಮಾನದಲ್ಲಿ ಸೇಂದಿ ಮೂಸಿ ನೋಡದವಳು ಆಕೆ. ಊರಲ್ಲಿ ಸೂಜಿ ಚುಚ್ಚುವ ಕಂಪೌಂಡರನೊಬ್ಬ ನಿದ್ದೆ ಬರಲಿ ಎಂದು ತುರಿಕೆಗೆ ಕೊಡುವ ಗುಳಿಗೆ ಕೊಟ್ಟ. ಅದನ್ನು ನುಂಗಿದ ದಿನ ಕಾಲು ಇನ್ನೂ ಹುಚ್ಚಾಗುತ್ತಿತ್ತು, ಆದರೂ ಪಾಪ ನುಂಗುತ್ತಲೇ ಇದ್ದಳು. ಕೊನೆಗೆ ಗುಡಿ ಸುತ್ತುವುದೇ ವಾಸಿ ಎನಿಸಿತು. ದೇವರ ಅಂಗಳದಲ್ಲಿ ಎಷ್ಟು ತಿರುಗಿದರೂ ಯಾರೂ ಕೇಳುವುದಿಲ್ಲ. ಒಮ್ಮೆ ಯಾದಗಿರಿ ಕಡೆಯ ಮುದುಕಿಯೊಬ್ಬಳು ಬಂದು ಆಕೆಯ ಕಾಲಿಗೇ ಕೈ ಹಚ್ಚಿ ಕಣ್ಣಿಗೆ ಒತ್ತಿಕೊಂಡಳು. ಅಂದು ಸಾಯಬಮ್ಮ ನನ್ನ ಅಂಗಡಿಯ ಹಿಂದೆ ಬಂದು ಅತ್ತಳು. "ನಾ ಕಾಲಿನ ಸಲುವಾಗಿ ತಿರುಗಾಕತ್ತೀನಿ, ಆಕಿ ನೋಡಿದ್ರ ಶರಣಮ್ಮ ಅಂತಾಳ. ದೇವರಿಗೂ ಮೋಸ ಮಾಡ್ದಂಗಾತು."

ಇದು ಕಾಲಿನ ಕಥೆ. ಬಾಯಿಯದು ಬೇರೆ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಸಾಯಬಮ್ಮ ಮಣ್ಣು ತಿನ್ನುತ್ತಿದ್ದಳು. ನಮ್ಮ ಕಡೆ ಬಸುರಿ ಹೆಂಗಸರು ಒಲೆಯ ಮಣ್ಣಿಗೆ ಆಸೆಪಡುವುದು ಹೊಸದೇನಲ್ಲ. ಹೊಳೆಯ ಮೆಕ್ಕಲು ತಂದು ಹೊಟ್ಟು ಕಲಸಿ ಒಲೆ ಹಾಕುತ್ತೇವೆ. ಬೆಂಕಿ ಕಂಡು ಕಂಡು ಅದು ಒಳಗೆ ಕೆಂಪಗೆ ಬೇಯುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಏಳುವ ವಾಸನೆಗೆ ನನಗೂ ಒಂದು ಕಾಲದಲ್ಲಿ ಬಾಯಲ್ಲಿ ನೀರೂರಿದ್ದುಂಟು. ಹೆತ್ತ ಮೇಲೆ ನಮಗೆಲ್ಲ ಬಿಟ್ಟುಹೋಯಿತು, ಆಕೆಗೆ ಬಿಡಲಿಲ್ಲ. ಒಲೆಯ ಹಿಂಬದಿ ಕೆತ್ತಿ ಚೂರು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು. ಗ್ಯಾಸಿನ ಸಿಲಿಂಡರು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ರೊಟ್ಟಿ ಒಲೆ ಮೇಲೇ ರುಚಿ ಎಂದು ನೆಪ ಹೇಳುತ್ತಿದ್ದಳು. ಗಂಡನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನಡುಗೋಡೆ ಗಿಡ್ಡದು ಎಂಬ ಕಾರಣಕ್ಕೆ. ಸುಮಲತಾಗೂ ಗೊತ್ತಿತ್ತು. ಸಣ್ಣವಳಿದ್ದಾಗ ಆಕೆ ಅತ್ತು ರಂಪ ಮಾಡಿದರೆ ತಾಯಿ ತನ್ನ ಅಂಗೈಯ ಚೂರನ್ನೇ ಮುರಿದು ಕೊಡುತ್ತಿದ್ದಳು, "ಯಾರ ಮುಂದೂ ಹೇಳಬ್ಯಾಡ" ಎಂದು ಕಿವಿಯಲ್ಲಿ ಹೇಳಿ. ಮಣ್ಣು ತಿನ್ನುವವಳು ಎಂದರೆ ನಮ್ಮಲ್ಲಿ ಹೊಟ್ಟೆಗಿಲ್ಲದ ಮನೆಯವಳು ಎಂದು ಅರ್ಥ. ಅದು ಸೇಂದಿಗಿಂತ ಕೀಳು.

ಸುಮಲತಾಳನ್ನು ಸುರಪುರಕ್ಕೆ ಕೊಟ್ಟಿದ್ದರು. ಅಳಿಯ ಬಾಲರಾಜ ಭೀಮರಾಯನಗುಡಿಯಲ್ಲಿ ಕಾಲುವೆ ಆಫೀಸಿನ ಜೀಪು ಓಡಿಸುತ್ತಾನೆ, ಒಳ್ಳೆಯ ಹುಡುಗ. ಬೀಗಿತಿ ರೇಣುಕಾದೇವಿ ಮಾತ್ರ ಕಡಕ್ ರೊಟ್ಟಿಯಂಥವಳು. ಕೆಟ್ಟವಳಲ್ಲ, ಆದರೆ ಬಾಯಿಗೆ ಹಾಕಿಕೊಂಡರೆ ಸದ್ದು ಮಾಡಿಯೇ ಒಳಗೆ ಹೋಗುವುದು. ಸುಮಲತಾ ಬಸುರಿಯಾದಳು. ಏಳು ತಿಂಗಳಿಗೆ ತವರಿನವರು ಕುಬಸ ಒಯ್ದು, ಉಡಿ ತುಂಬಿ, ಮಗಳನ್ನು ಚೊಚ್ಚಿಲ ಹೆರಿಗೆಗೆ ಕರೆತರುವುದು ನಮ್ಮ ಪದ್ಧತಿ. ಸಾಯಬಮ್ಮ ಅದಕ್ಕಾಗಿ ಒಳಕೋಣೆ ಸಾರಿಸಿ, ಬಾಣಂತಿಗೆಂದು ಹೊರಸಿಗೆ ಹೊಸ ಹಗ್ಗ ಹೆಣೆಸಿ ಇಟ್ಟಿದ್ದಳು. ಮಗಳು ಮನೆಗೆ ಬಂದು ಹೆರಬೇಕು, ತಾನು ಎರೆದು ಉಣಿಸಬೇಕು. ಆ ವರ್ಷ ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಕುಬಸದ ಮುಹೂರ್ತ ಸಂಜೆ ಬಿತ್ತು. ನಾನೂ ಹೋಗಿದ್ದೆ. ಹಸಿರು ಸೀರೆ, ಹಸಿರು ಬಳೆ ತೊಟ್ಟ ಸುಮಲತಾ ಮಣೆ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಾಯಿ, ಎದುರಿಗೆ ಉಡಿಯ ದೊಡ್ಡ ತಾಟು. ಅದರಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಕುಬಸದ ಖಣ. ಮುತ್ತೈದೆಯರು ಹಾಡು ಎಳೆದರು, ಆ ಹಾಡು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಸಾಯಬಮ್ಮ ಎರಡೂ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದಿದ್ದಳು. ತುಟಿ ಕಚ್ಚಿದ್ದಳು, ಹಣೆ ಬೆವೆತಿತ್ತು. ಎದ್ದು ಹೋಗು ಎಂದು ನಾನು ಸನ್ನೆ ಮಾಡಿದೆ. ಮಗಳ ಉಡಿ ಬಿಟ್ಟು ತಾಯಿ ಏಳುವುದು ಹೇಗೆ. ಅಷ್ಟರಲ್ಲಿ ಬಲಗಾಲು ತಾನಾಗಿ ಜಾಡಿಸಿತು. ತಾಟು ಮಗುಚಿ ಬಿತ್ತು, ಅಕ್ಕಿ ಬಾಗಿಲ ತನಕ ಹರಡಿತು, ಕೊಬ್ಬರಿ ಬಟ್ಟಲು ಉರುಳಿಕೊಂಡು ಗಂಡಸರು ಕೂತ ಪಡಸಾಲೆಗೆ ಹೋಯಿತು.

ಹಾಡು ನಿಂತಿತು. ಮಗಳ ಉಡಿಯನ್ನು ತಾಯಿಯೇ ಒದ್ದಂತಾಯಿತು. ಹಿಂದಿನಿಂದ ಯಾರೋ "ಸೇಂದಿ" ಎಂದದ್ದು ಎಲ್ಲರಿಗೂ ಕೇಳಿತು. ಸಾಯಬಮ್ಮ ಬಗ್ಗಿ ಅಕ್ಕಿ ಬಳಿಯತೊಡಗಿದಳು, ಬಳಿಯುವಾಗಲೂ ಕಾಲು ಸುಮ್ಮನಿರಲಿಲ್ಲ. ಅಮಾತೆಪ್ಪ ಪಡಸಾಲೆಯಲ್ಲಿ ಆ ಬಟ್ಟಲನ್ನು ಕೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ರೇಣುಕಾದೇವಿ ಕೂಗಾಡಲಿಲ್ಲ. ಬೇರೆ ಅಕ್ಕಿ ತರಿಸಿ ಶಾಸ್ತ್ರ ಮುಗಿಸಿದಳು. ನಾವು ಹೊರಡುವಾಗ ಬಾಗಿಲಲ್ಲಿ ನಿಂತು, "ಬೀಗಿತಿ, ನಿಮ್ಮ ಕಾಲಿಂದು ಏನಂತ ಗೊತ್ತಾಗೋ ತನಕ ಸೊಸಿನ ಕಳಸಂಗಿಲ್ರಿ. ನಾಳಿ ಕೂಸು ನಿಮ್ಮ ಮಗ್ಗಲದಾಗ ಮಲಗಬೇಕು," ಎಂದಳು. ಸಿಟ್ಟು ಬಂತು ನನಗೆ. ಆದರೆ ಆ ಮಾತಿನಲ್ಲಿ ತಪ್ಪು ಹುಡುಕಿದರೆ ಸಿಗಲಿಲ್ಲ.

ನಾನೇ ಗಂಟುಬಿದ್ದು ಶಹಾಪುರಕ್ಕೆ ಹೊರಡಿಸಿದೆ. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾಳೆ, ನಮ್ಮ ಕಡೆಯವಳೇ, ಕೇಳಿದ್ದಕ್ಕೆ ಉತ್ತರ ಬರುವ ತನಕ ಕಾಯುವವಳು. ಸುದ್ದಿ ತಿಳಿದು ರೇಣುಕಾದೇವಿಯೂ ಸುರಪುರದಲ್ಲಿ ಅದೇ ಬಸ್ಸು ಹತ್ತಿದಳು, ಸೊಸೆಯನ್ನೂ ಕರೆದುಕೊಂಡು. ತನ್ನ ಕಿವಿಯಿಂದಲೇ ಕೇಳಬೇಕಂತೆ. ಬಸ್ಸಿನಲ್ಲಿ ಸಾಯಬಮ್ಮ ಸೀಟಿದ್ದರೂ ಕಂಬ ಹಿಡಿದು ನಿಂತೇ ಬಂದಳು. ಮಗಳು ಒಂದೆರಡು ಸಲ "ಅವ್ವಾ, ಕೂಡು" ಎಂದಳು. ಬೀಗಿತಿ ಕಿಟಕಿಯ ಹೊರಗೆ ನೋಡಿದಳು.

ಡಾಕ್ಟರಮ್ಮ ಮೊದಲು ಕಾಲು ಮುಟ್ಟಿ, ತಟ್ಟಿ, ಮೊಣಕಾಲಿಗೆ ಸಣ್ಣ ಸುತ್ತಿಗೆ ಬಡಿದು ನೋಡಿದಳು. ಆಮೇಲೆ ಕೇಳುತ್ತ ಹೋದಳು. ಕಾಲು ಆಡಿಸಬೇಕು ಅಂತ ಒಳಗಿಂದ ಅವಸರ ಆಗ್ತದೇನು. ಕೂತಾಗ ಹೆಚ್ಚೋ, ನಡೆದಾಗ ಹೆಚ್ಚೋ. ಎದ್ದು ಅಡ್ಡಾಡಿದ್ರ ಕಮ್ಮಿ ಆಗ್ತದೇನು. ಮುಂಜಾನಿ ಹ್ಯಾಂಗ, ಸಂಜಿ ಹ್ಯಾಂಗ. ಒಂದೊಂದಕ್ಕೂ ಸಾಯಬಮ್ಮ ಹೌದು ಹೌದು ಎನ್ನುತ್ತ, ಯಾರೋ ತನ್ನ ಮನೆಯೊಳಗೆ ಬಂದು ಕೂತು ನೋಡಿದ್ದಾರೇನೋ ಎಂಬಂತೆ ದಂಗಾಗಿ ಕೂತಳು.

"ಇದು ಗಾಳಿ ಅಲ್ಲ, ಸೇಂದಿನೂ ಅಲ್ಲ," ಎಂದಳು ಡಾಕ್ಟರಮ್ಮ, ರೇಣುಕಾದೇವಿಯ ಕಡೆ ನೋಡಿಯೇ. "ರೆಸ್ಟ್‌ಲೆಸ್ ಲೆಗ್ಸ್ ಅಂತಾರ. ಇದು ಭಾಳ ಮಂದಿಗದ, ಹೇಳಾಕ ನಾಚ್ತಾರ. ಮೈಯಾಗ ಕಬ್ಬಿಣದ ಅಂಶ ಕಮ್ಮಿ ಆದ್ರ ಹಿಂಗ ಆಗೋದು ಅದ." ಕಂಪೌಂಡರನ ಗುಳಿಗೆ ತೋರಿಸಿದಾಗ, ಅದು ಈ ಕಾಲನ್ನು ಇನ್ನಷ್ಟು ಕೆಣಕುವ ಜಾತಿಯದು ಎಂದು ಹೇಳಿ ಕಸದ ಬುಟ್ಟಿಗೆ ಹಾಕಿದಳು. ರಕ್ತ ತೆಗೆಸಿ ಮಧ್ಯಾಹ್ನ ಮತ್ತೆ ಕರೆದಳು. ಕಬ್ಬಿಣದ ದಾಸ್ತಾನು ಪೂರ್ತಿ ಖಾಲಿಯಾಗಿತ್ತು.

"ಮೀನು ತಿಂತೀರಿ, ಸೊಪ್ಪು ತಿಂತೀರಿ. ಆದ್ರೂ ಮೈಗೆ ಹತ್ತವಲ್ದು. ಏನೋ ಒಂದು ಅಡ್ಡ ಬರಾಕತ್ತದ. ಉಂಡ ಕೂಡ್ಲೆ ಚಹಾ ಕುಡೀತೀರಿ, ಅದೊಂದು. ಮತ್ತ ಮಣ್ಣು, ಬಳಪ, ಹಸಿ ಅಕ್ಕಿ, ಇಂಥಾವು ತಿನ್ನೋ ಚಟ ಏನಾರ ಅದ ಏನ್ರಿ? ಮಣ್ಣು ಹೊಟ್ಟ್ಯಾಗಿನ ಕಬ್ಬಿಣ ಹಿಡಕೊಂಡು ಮೈಗೆ ಬಿಡಂಗಿಲ್ಲ."

ಸಾಯಬಮ್ಮ ಸೆರಗು ಮುಂದಕ್ಕೆ ಎಳೆದುಕೊಂಡಳು. "ಇಲ್ರಿ ಡಾಕ್ಟ್ರೇ. ನಾವು ಅಂಥವರಲ್ಲ."

ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಬೀಗಿತಿ ಎದುರಿಗೇ ಕೂತಿದ್ದಳು, ಬೇರೇನು ಹೇಳಿಯಾಳು. ಡಾಕ್ಟರಮ್ಮ ಗುಳಿಗೆ ಬರೆಯತೊಡಗಿದಳು, ಬರೆಯುತ್ತ ಬರೆಯುತ್ತ ನಿಂತಳು. ಆಕೆಯ ಕಣ್ಣು ಕುರ್ಚಿಯ ಕೆಳಗಿತ್ತು. ಅಲ್ಲಿ ಸುಮಲತಾಳ ಪಾದಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಹತ್ತಿರ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣದಂತೆ ಬಿಳಿ. ಸುರಪುರದಲ್ಲಿ ರಕ್ತ ಕಮ್ಮಿ ಎಂದು ಗುಳಿಗೆ ಕೊಟ್ಟಿದ್ದರು, ನುಂಗುತ್ತಿದ್ದೇನೆ ಎಂದಳು ಹುಡುಗಿ.

"ನುಂಗಿದ್ರೂ ಹಿಂಗ ಅಂದ್ರ ಹ್ಯಾಂಗವ್ವ. ಇಷ್ಟು ಕಮ್ಮಿ ರಕ್ತದಾಗ ಹೆರಿಗಿ ಆದ್ರ ನಿನ್ನ ಜೀವಕ್ಕ ಕಷ್ಟ ಅದ. ಖರೇ ಹೇಳು, ನೀ ಮಣ್ಣು ತಿಂತೀ?"

ಸುಮಲತಾ ಸೆರಗು ಮುಂದಕ್ಕೆ ಎಳೆದುಕೊಂಡಳು. "ಇಲ್ರಿ ಡಾಕ್ಟ್ರೇ. ನಾವು ಅಂಥವರಲ್ಲ."

ಅದೇ ಮಾತು, ಅದೇ ಧ್ವನಿ, ಸೆರಗು ಎಳೆದ ಕೈ ಕೂಡ ಅದೇ. ಸಾಯಬಮ್ಮನ ಮುಖ ನೋಡಿದೆ. ಸುಳ್ಳು ಹೇಳುವಾಗ ತಾನು ಹೇಗೆ ಕಾಣುತ್ತೇನೆ ಎಂದು ಆಕೆ ಅದುವರೆಗೆ ನೋಡಿರಲಿಲ್ಲ. ಬಾಯಿ ಬಿಟ್ಟರೆ ಬೀಗಿತಿ ಮಗಳನ್ನು ಕಳಿಸುವ ಮಾತೇ ಇಲ್ಲ, ಮಗಳ ಮಾನವೂ ಹೋಗುತ್ತದೆ. ಬಿಡದಿದ್ದರೆ ಜೀವ. ಇದೆಲ್ಲ ಆಕೆಯ ತಲೆಯಲ್ಲಿ ಹಾದುಹೋಗುವುದು ನನಗೆ ಕಾಣುತ್ತಿತ್ತು. ಆಕೆ ಎದ್ದು ನಿಂತಳು.

"ತಿಂತಾಳ್ರಿ," ಎಂದಳು. "ಒಲಿ ಮಣ್ಣು. ನಾನೂ ತಿಂತೀನಿ. ಸಣ್ಣಾಕಿ ಇದ್ದಾಗ ನಾನಾ ನನ್ನ ಕೈಯಿಂದ ಕೊಟ್ಟು ಕಲಿಸೀನ್ರಿ." ಸೆರಗಿನ ತುದಿಯ ಗಂಟು ಬಿಚ್ಚಿ ಚೂರನ್ನು ಮೇಜಿನ ಮೇಲಿಟ್ಟಳು. ಹಲ್ಲಿನ ಗುರುತಿತ್ತು ಅದಕ್ಕೆ.

ಡಾಕ್ಟರಮ್ಮ ಬೈಯಲಿಲ್ಲ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಮಣ್ಣಿನ ಆಸೆ ಹುಟ್ಟುತ್ತದೆ, ಮಣ್ಣು ತಿಂದಷ್ಟೂ ಕಬ್ಬಿಣ ಇನ್ನೂ ಇಳಿಯುತ್ತದೆ, ಇದರಲ್ಲಿ ನಾಚುವಂಥದ್ದು ಏನಿದೆ ಎಂದಳು. ಆ ಕೋಣೆಯಲ್ಲಿ ಹಾಗೆ ಅನಿಸಿದ್ದು ಆಕೆಯೊಬ್ಬಳಿಗೇ. ಸುಮಲತಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ರೇಣುಕಾದೇವಿ ಆ ಚೂರನ್ನು ದಿಟ್ಟಿಸಿ ನೋಡಿ, ಸೊಸೆಯ ಕೈ ಹಿಡಿದು ಹೊರಗೆ ನಡೆದಳು. ಬಸ್‌ಸ್ಟ್ಯಾಂಡಿನಲ್ಲಿ ಸಾಯಬಮ್ಮ ಹತ್ತಿರ ಹೋದರೆ ಮಗಳು, "ಮಂದಿ ಮುಂದ ನನ್ನ ಮಾನ ಕಳದಿ. ನನ್ನ ಜೋಡಿ ಮಾತಾಡಬ್ಯಾಡ," ಎಂದುಬಿಟ್ಟಳು.

ಅಲ್ಲಿಂದ ಮುಂದೆ ಸಾಯಬಮ್ಮ ಡಾಕ್ಟರಮ್ಮ ಹೇಳಿದ್ದನ್ನು ಪೂಜೆಯಂತೆ ಮಾಡಿದಳು. ಕಬ್ಬಿಣದ ಗುಳಿಗೆ ಬರಿಹೊಟ್ಟೆಗೆ, ನಿಂಬೆ ನೀರಿನ ಜೊತೆ. ಚಹಾ ಊಟದ ಹತ್ತಿರ ಸುಳಿಯಬಾರದು. ಸಂಜೆ ಕಾಲಿಗೆ ಬಿಸಿನೀರು, ಎಣ್ಣೆ, ನೀವುವುದು. ಇಷ್ಟಕ್ಕೂ ಇಳಿಯದಿದ್ದರೆ ಬೇರೆ ಔಷಧ ಇದೆ, ಆದರೆ ಮೊದಲು ಕಬ್ಬಿಣ ತುಂಬಲಿ ಎಂದಿದ್ದಳು. ಸುಮಲತಾಗೆ ಶಹಾಪುರದಲ್ಲೇ ಕಬ್ಬಿಣವನ್ನು ಸಲೈನಿನಲ್ಲಿ ಏರಿಸುತ್ತಿದ್ದಾರೆ ಎಂದು ಅಳಿಯ ಬಾಲರಾಜ ಫೋನು ಮಾಡಿ ತಿಳಿಸುತ್ತಿದ್ದ. ಮಗಳು ಫೋನಿಗೆ ಬರುತ್ತಿರಲಿಲ್ಲ. ವಾರಗಳು ಕಳೆದಂತೆ ಸಾಯಬಮ್ಮನ ಕಾಲು ಇಳಿಯಿತು. ಒಂದು ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಒಂದು ಬುಟ್ಟಿ ಮೆಣಸಿನಕಾಯಿ ತೊಟ್ಟು ಬಿಡಿಸಿದಳು, ಒಮ್ಮೆಯೂ ಏಳಲಿಲ್ಲ. ಅಮಾತೆಪ್ಪ ಹೊಳೆ ದಂಡೆಯಿಂದ ಚಾಪೆ ಸುತ್ತಿಕೊಂಡು ಮನೆಗೆ ಬಂದ. ಗುಡಿಗೆ ಬರುವ ಭಕ್ತರು, ಆ ಶರಣಮ್ಮ ಎಲ್ಲಿ ಎಂದು ಕೇಳಿದರು. ಆಕೆ ಸತ್ತೇಹೋದಳೇನೋ ಎಂಬಂತೆ ಮರುಗಿದವರೂ ಇದ್ದರು.

ಇಷ್ಟಾದರೂ ಆಕೆಗೆ ಸಂತೋಷವೇ ಇಲ್ಲ. ಒಳಕೋಣೆಯ ಹೊರಸು ಖಾಲಿ ಬಿದ್ದಿತ್ತು. "ನನ್ನ ಕಾಲು ನೆಟ್ಟಗಾದ್ವು, ಆಕಿ ಹೊಟ್ಟಿಗೆ ನಾನಾ ಮಣ್ಣು ಹಾಕಿದ್ನಲ್ಲ ಭಾಗವ್ವ," ಎನ್ನುತ್ತಿದ್ದಳು. ಸಮಾಧಾನ ಹೇಳಿ ಹೇಳಿ ನನಗೂ ಸಾಕಾಗಿತ್ತು. 

ಒಂದು ಮುಂಜಾನೆ ರೇಣುಕಾದೇವಿಯೇ ಫೋನು ಮಾಡಿದಳು. ಸಾಯಬಮ್ಮನ ಕೈ ಹಿಟ್ಟಾಗಿತ್ತು, ನಾನೇ ಫೋನು ಹಿಡಿದು ಧ್ವನಿ ದೊಡ್ಡದು ಮಾಡಿದೆ.

"ಬೀಗಿತಿ, ಒಂಬತ್ತು ತುಂಬಾಕ ಬಂತು. ರಕ್ತ ಏರ್ಯಾದ, ಡಾಕ್ಟರು ಕಳಸ್ಬಹುದು ಅಂದಾರ. ಒಂದ ಮಾತು ಕೇಳ್ತೀನಿ. ಮಣ್ಣು ಬಿಟ್ಟೀರೋ ಇಲ್ಲೋ?"

ಬಿಟ್ಟೀನ್ರಿ ಎಂದರೆ ಸಾಕಿತ್ತು. ಮಗಳು ಮನೆಗೆ ಬರುತ್ತಾಳೆ. ಹೇಳು ಹೇಳು ಎಂದು ನಾನು ಕಣ್ಣಿನಲ್ಲೇ ತಿವಿದೆ. ಸಾಯಬಮ್ಮ ಹಿಟ್ಟಿನ ಕೈ ನೋಡಿಕೊಂಡಳು.

"ಬಿಟ್ಟಿದ್ದೆನ್ರಿ. ಮೊದಲಿನಂಗ ಆಸಿ ಇಲ್ಲ. ಆದ್ರ ಮೊನ್ನಿ ಒಲಿ ಸಾರಸುವಾಗ ಒಂದು ಚೂರು ಬಾಯಾಗ ಹಾಕೊಂಡೀನಿ."

 ನಾನು ಹಣೆ ಹಣೆ ಬಡಿದುಕೊಂಡೆ. ಒಬ್ಬಳೇ ಮಗಳ ಬಾಣಂತನವನ್ನು ಒಂದು ಚೂರಿಗೆ ಕಳೆದುಕೊಂಡಳಲ್ಲ ಈ ಹುಚ್ಚಿ, ಅದೂ ಯಾರೂ ನೋಡದ ಚೂರಿಗೆ ಎನಿಸಿತು. ಆಮೇಲೆ ಫೋನಿನಲ್ಲಿ ಬೇರೆ ಧ್ವನಿ ಬಂತು. ಎಷ್ಟೋ ದಿನದ ಮೇಲೆ ಬಂದ ಧ್ವನಿ.

"ಅವ್ವಾ, ನಾನೂ ತಿಂದೀನಿ. ಅತ್ತಿ ಮಲಗಿದಾಗ. ಹಿತ್ತಲ ಗೋಡಿದು."

ಸಾಯಬಮ್ಮ ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡಳು. ಅಳು ತಡೆಯಲಿಲ್ಲ, ಸೆರಗನ್ನೂ ಎಳೆದುಕೊಳ್ಳಲಿಲ್ಲ. ರೇಣುಕಾದೇವಿ ಫೋನು ಕಸಿದುಕೊಂಡಿರಬೇಕು. "ಚಲೋ ಆತು. ನಾ ಇಷ್ಟು ದಿನ ಆಕಿನ್ನ ಕಾಯ್ದದ್ದೂ ಇಷ್ಟಕ್ಕಾ ಬಂತು," ಎಂದಳು. ಆಮೇಲೆ, "ನನ್ನ ಮುಂದ ಹೇಳಲಾರದ್ದು ಆಕಿ ನಿಮ್ಮ ಮುಂದ ಹೇಳ್ಯಾಳ. ನಿಮ್ಮ ಹತ್ರಾನಾ ಇರಲಿ. ಆ ಒಲಿ ಕೆಡವಿ ಗ್ಯಾಸ್ ಹಚ್ರಿ. ಆಯ್ತವಾರ ಬಂದು ಕರಕೊಂಡು ಹೋಗ್ರಿ," ಎಂದು ಇಟ್ಟುಬಿಟ್ಟಳು.

ಅವತ್ತೇ ಒಲೆ ಕೆಡವಿದೆವು. ಗಟ್ಟಿಯಾಗಿ ಬೆಂದಿತ್ತು, ಅಮಾತೆಪ್ಪ ನೀರು ಹಾಕಿ ನೆನೆಸಿ ಹಾರೆಯಿಂದ ಎಬ್ಬಿಸಿದ. ಹಿಂಬದಿ ಪೂರಾ ಗುಂಡಿ ಬಿದ್ದಿತ್ತು. ಅವನು ಅದನ್ನು ಸವರಿ ನೋಡಿದ. ಹೆಂಟೆಗಳನ್ನು ಬುಟ್ಟಿಗೆ ತುಂಬಿ ಹೊಳೆಗೆ ಒಯ್ದು ಹರಗೋಲಿನಿಂದ ನಡುನೀರಿಗೆ ಸುರಿದು ಬಂದ. ನೆನೆದ ಮಣ್ಣಿನ ವಾಸನೆ ಮನೆ ತುಂಬ ಎದ್ದಿತ್ತು. ಸಾಯಬಮ್ಮ ಬಾಗಿಲ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಂತಿದ್ದಳು.

"ಪೂರಾ ಹೋತೇನು?" ಎಂದು ಕೇಳಿದಳು.

"ಪೂರಾ ಹೋತು," ಎಂದೆ.

"ಬಾಯಾಗ ಇನ್ನಾ ನೀರು ಬರಾಕತ್ತದ ಭಾಗವ್ವ." ಧ್ವನಿ ನಾಚಿಕೆಯಿಂದ ಇಳಿದುಹೋಗಿತ್ತು. "ಇದನ್ನೂ ಆಕಿಗೆ ಹೇಳಬೇಕೇನು?"

"ಹೇಳಬೇಕು," ಎಂದೆ.

ಆಕೆ ಕೈ ತೊಳೆದುಕೊಂಡು ಮಗಳಿಗೆ ಫೋನು ಹಚ್ಚಿದಳು.